ಕಾರಿಗೆ ಹೊರಗಡೆ ಅಂಗಡಿಯಿಂದ ತಂದ ಸಸ್ಪೆನ್ಷನ್ ಬುಷ್ ಹಾಕೋದು ಹೇಗೆ, ಹಾಕಿದ್ಮೇಲೆ ಬೇಗ ಕಿತ್ತೋಗದೆ ಇರೋಕೆ ಏನೇನ್ ನೋಡ್ಕೋಬೇಕು

ಸಸ್ಪೆನ್ಷನ್ ಬುಷ್ ಅಂದ್ರೆ ಚಕ್ರ ಹಿಡಿದಿರೋ ಆರ್ಮ್ ಗಾಡಿಗೆ ಸೇರೋ ಜಾಗದಲ್ಲಿ ಇರೋ ರಬ್ಬರ್ ತುಂಬಿದ ಕೊಳವೆ. ಹೊಸ ಬುಷ್ ಹಾಕ್ಸಿ ಆರು ತಿಂಗಳೂ ಆಗಿಲ್ಲ, ಆಗ್ಲೇ ಹಂಪ್ ಹತ್ತಿಸಿದ್ರೆ ಕಟಕಟ ಅಂತಿದೆ, ಅಂಗಡಿಯವ್ನು ಡೂಪ್ಲಿಕೇಟ್ ಕೊಟ್ಬಿಟ್ಟ ಅಂತ ಬೈಯೋರು ತುಂಬ ಜನ ಸಿಗ್ತಾರೆ. ಕೆಲವು ಸಲ ಅದು ನಿಜಾನೇ ಇರತ್ತೆ. ಆದ್ರೆ ಕಿತ್ತೋಗಿರೋ ಬುಷ್‌ನ ಕೈಲಿ ಹಿಡ್ಕೊಂಡು ರಬ್ಬರ್ ಯಾವ ಕಡೆ ಹರಿದಿದೆ, ಹೊರಗಿನ ಕವಚ ಹೇಗೆ ಡೆಂಟ್ ಆಗಿದೆ ಅಂತ ನೋಡಿದ್ರೆ ಬಹಳಷ್ಟು ಸಲ ಒಂದೇ ವಿಷ್ಯ ಗೊತ್ತಾಗತ್ತೆ, ಅದರ ಆಯಸ್ಸು ಹಾಕಿದ ದಿನಾನೇ ಮುಗಿದಿತ್ತು. ಗಾಡಿ ಎತ್ತಿ ಚಕ್ರ ನೇತಾಡ್ತಿರೋವಾಗ್ಲೇ ಬೋಲ್ಟ್ ಟೈಟ್ ಮಾಡಿರ್ತಾರೆ, ಇಲ್ಲಾ ದಿಕ್ಕು ತಪ್ಪಿ ಕೂರಿಸಿರ್ತಾರೆ, ಇಲ್ಲಾ ಸುತ್ತಿಗೇಲಿ ಹೊಡೆದು ಒಳಗೆ ತಳ್ಳಿರ್ತಾರೆ. ಈ ಮೂರನ್ನ ತಪ್ಪಿಸಿದ್ರೆ ಸಾಧಾರಣ ಬೆಲೆಯ ಬುಷ್ ಕೂಡ ನಮ್ ರಸ್ತೇಲಿ ಚೆನ್ನಾಗೇ ಬಾಳಿಕೆ ಬರತ್ತೆ, ತಪ್ಪಿಸದೆ ಇದ್ರೆ ಜರ್ಮನಿಯಿಂದ ತರಿಸಿದ್ರೂ ಅಷ್ಟೇ.

ನಾನಿಲ್ಲಿ ಮುಖ್ಯವಾಗಿ ಮುಂದಿನ ಲೋವರ್ ಆರ್ಮ್ ಬುಷ್ ಬಗ್ಗೆ ಬರೀತೀನಿ, ಲೋವರ್ ಆರ್ಮ್ ಅಂದ್ರೆ ಚಕ್ರನ ಕೆಳಗಡೆಯಿಂದ ಗಾಡಿಗೆ ಜೋಡಿಸೋ ಲೋಹದ ತೋಳು. ಸ್ವಿಫ್ಟ್, ಐ20, ಪೋಲೋ ತರದ ಗಾಡಿಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು ಶಾಕಪ್ಪು ಸೇರಿ ಒಂದೇ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರ ಸೇರಿಸೋ ಅಡ್ಡ ತೊಲೆ) ಇರತ್ತೆ, ಈ ಜಾತಿಯ ಗಾಡೀಲಿ ಮೊದಲು ಸವೆಯೋದು ಹೆಚ್ಚಾಗಿ ಲೋವರ್ ಆರ್ಮ್ ಬುಷ್ಷು ಮತ್ತೆ ಸ್ಟೆಬಿಲೈಸರ್ ಲಿಂಕು (ತಿರುವಲ್ಲಿ ಗಾಡಿ ವಾಲೋದನ್ನ ತಡೆಯೋ ಸ್ಟೆಬಿಲೈಸರ್ ಬಾರ್‌ನ ಜೋಡಿಸೋ ಕಡ್ಡಿ). ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಇನ್ನೋವಾ ಕ್ರಿಸ್ಟಾ ತರದ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ಆರ್ಮ್ ಇರೋ) ಗಾಡೀಲಿ ಸ್ಪ್ರಿಂಗ್ ಭಾರ ಪೂರ್ತಿ ಲೋವರ್ ಆರ್ಮ್ ಮೇಲೇ ಕೂತಿರತ್ತೆ, ಅಲ್ಲಿ ಆರ್ಮ್ ಬಿಚ್ಚಿದ್ರೆ ಸ್ಪ್ರಿಂಗ್ ಚಿಮ್ಮಿ ಕೈಕಾಲು ಮುರಿಯೋ ಅಪಾಯ ಇದೆ, ಅಂಥ ಗಾಡಿನ ಮನೆ ಮುಂದೆ ಬಿಚ್ಚೋಕೆ ಹೋಗ್ಲೇಬೇಡಿ. ಸ್ಟ್ರಟ್ ಇರೋ ಗಾಡೀಲಿ ಸ್ಪ್ರಿಂಗು ಶಾಕಪ್ ಜೊತೆಗೇ ಕಟ್ಟಿಹಾಕಿರೋದ್ರಿಂದ ಆರ್ಮ್ ಬಿಚ್ಚಿದ್ರೆ ಆ ತೊಂದ್ರೆ ಇಲ್ಲ.

ಬುಷ್ ಒಳಗೆ ಏನಾಗ್ತಿರತ್ತೆ

ಇದು ಅರ್ಥ ಆಗದೆ ಮುಂದಿನದ್ದು ಯಾವುದೂ ತಲೆಗೆ ಹೋಗಲ್ಲ, ಅದಕ್ಕೆ ಸ್ವಲ್ಪ ತಾಳ್ಮೆಯಿಂದ ಓದಿ. ರಬ್ಬರ್ ಬುಷ್ ಅಂದ್ರೆ ಮೂರು ಭಾಗ. ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಚಿಕ್ಕ ಕೊಳವೆ, ಮಧ್ಯೆ ರಬ್ಬರ್. ರಬ್ಬರ್ ಎರಡೂ ಕೊಳವೆಗೆ ಬಿಸಿ ಮಾಡಿ ಅಂಟಿಸಿರ್ತಾರೆ, ಅದು ಜಾರಲ್ಲ, ಸುತ್ತಲ್ಲ. ಹೊರಗಿನ ಕೊಳವೆ ಆರ್ಮ್ ಒಳಗೆ ಬಿಗಿಯಾಗಿ ಕೂತಿರತ್ತೆ, ಒಳಗಿನ ಕೊಳವೆನ ಬೋಲ್ಟ್ ಹಾಕಿ ಸಬ್‌ಫ್ರೇಮ್‌ನ (ಗಾಡಿ ಮುಂಭಾಗದ ಕೆಳಗಿರೋ ಗಟ್ಟಿ ಚೌಕಟ್ಟು) ಬ್ರಾಕೆಟ್ ಮಧ್ಯೆ ಅದುಮಿ ಹಿಡಿದಿರ್ತಾರೆ. ತುಂಬ ಜನ ಅನ್ಕೊಂಡಿರೋದು ಬೋಲ್ಟ್ ಸುತ್ತ ಆರ್ಮ್ ಬೇರಿಂಗ್ ತರ ತಿರುಗತ್ತೆ ಅಂತ. ಹಾಗೇನೂ ಇಲ್ಲ. ಬೋಲ್ಟೂ ತಿರುಗಲ್ಲ ಒಳ ಕೊಳವೇನೂ ತಿರುಗಲ್ಲ, ಚಕ್ರ ಮೇಲೆ ಕೆಳಗೆ ಹೋದಾಗ ಒದ್ದೆ ಬಟ್ಟೆ ಹಿಂಡೋ ತರ ಮಧ್ಯದ ರಬ್ಬರ್ ಒಂದೇ ತಿರುಚಿಕೊಳ್ಳತ್ತೆ, ಮತ್ತೆ ವಾಪಸ್ ಬರತ್ತೆ. ಆ ತಿರುಚುವಿಕೆಗೆ ಒಂದು ಮಿತಿ ಇದೆ, ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಿರೋವಾಗ ರಬ್ಬರ್ ಸೊನ್ನೇಲಿ ಇರ್ಬೇಕು, ಅಲ್ಲಿಂದ ಮೇಲಕ್ಕೆ ಒಂದಿಷ್ಟು ಕೆಳಕ್ಕೆ ಒಂದಿಷ್ಟು ತಿರುಚೋ ಹಾಗೆ ಕಂಪನಿಯವ್ರು ಲೆಕ್ಕ ಹಾಕಿರ್ತಾರೆ.

ಲೋವರ್ ಆರ್ಮ್‌ಗೆ ಸಾಮಾನ್ಯವಾಗಿ ಎರಡು ಬುಷ್. ಮುಂದಿನದ್ದು ಚಿಕ್ಕದು, ಗಟ್ಟಿ, ಅಡ್ಡ ಬೋಲ್ಟ್. ಹಿಂದಿನದ್ದು ದಪ್ಪ, ಮೆತ್ತಗೆ, ಕೆಲವು ಗಾಡೀಲಿ ಅಡ್ಡ ಮಲಗಿರತ್ತೆ, ಕೆಲವದ್ರಲ್ಲಿ ನೆಟ್ಟಗೆ ನಿಂತಿರತ್ತೆ. ಆ ದಪ್ಪ ಬುಷ್‌ನ ರಬ್ಬರ್‌ನಲ್ಲಿ ಬಾಯಿ ತೆರೆದ ಹಾಗೆ ಎರಡು ಖಾಲಿ ಜಾಗ ಬಿಟ್ಟಿರ್ತಾರೆ, ಅದು ಮೆಟೀರಿಯಲ್ ಉಳಿಸೋಕೆ ಬಿಟ್ಟಿದ್ದಲ್ಲ. ಗುಂಡಿಗೆ ಚಕ್ರ ಬಿದ್ದಾಗ ಆರ್ಮ್ ಸ್ವಲ್ಪ ಹಿಂದಕ್ಕೆ ಬಳುಕಿ ಏಟು ತಗೊಳ್ಳಲಿ, ಆದ್ರೆ ತಿರುವಲ್ಲಿ ಪಕ್ಕಕ್ಕೆ ಮಾತ್ರ ಅಲುಗಾಡಬಾರದು ಅಂತ ಆ ಖಾಲಿ ಜಾಗನ ಒಂದು ನಿರ್ದಿಷ್ಟ ದಿಕ್ಕಿಗೆ ಇಟ್ಟಿರ್ತಾರೆ. ಇದನ್ನ ಮನಸ್ಸಲ್ಲಿಟ್ಕೊಳ್ಳಿ.

ನಿಜವಾಗ್ಲೂ ಬುಷ್ ಹೋಗಿದ್ಯಾ

ಶಬ್ದ ಬಂದ ತಕ್ಷಣ ಬುಷ್ ತರೋಕೆ ಓಡ್ಬೇಡಿ. ಚಿಕ್ಕ ಚಿಕ್ಕ ಗುಂಡಿಗೆ ಟಕಟಕ ಅಂದ್ರೆ ಮೊದಲು ಸ್ಟೆಬಿಲೈಸರ್ ಲಿಂಕ್ ನೋಡಿ, ಸ್ಟೇರಿಂಗ್ ತಿರುಗಿಸಿದಾಗ ಟಣ್ ಅಂತ ಸ್ಪ್ರಿಂಗ್ ಎಗರಿದ ಹಾಗೆ ಬಂದ್ರೆ ಸ್ಟ್ರಟ್ ಮೇಲಿನ ಬೇರಿಂಗ್. ಲೋವರ್ ಆರ್ಮ್ ಬುಷ್ ಹೋಗಿದ್ರೆ ಬ್ರೇಕ್ ಒತ್ತಿದಾಗ ಒಂದು ಧಡ್, ಬಿಟ್ಟು ಎಕ್ಸಲರೇಟರ್ ಕೊಟ್ಟಾಗ ಇನ್ನೊಂದು ಧಡ್, ಬ್ರೇಕ್ ಹಾಕಿದ್ರೆ ಗಾಡಿ ಒಂದ್ಕಡೆ ಎಳೆಯೋದು, ಹೈವೇಲಿ ಸ್ಟೇರಿಂಗ್ ಆಗಾಗ ಸರಿ ಮಾಡ್ತಾ ಇರ್ಬೇಕಾಗೋದು, ಅಲೈನ್‌ಮೆಂಟ್ ಮಾಡ್ಸಿದ್ರೂ ಟೈರ್ ಒಂದು ಅಂಚು ತಿಂದ್ಕೊಂಡು ಹೋಗೋದು, ಇವೆಲ್ಲ ಬರತ್ತೆ. ಖಚಿತ ಮಾಡ್ಕೊಳ್ಳೋಕೆ ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು ಆರ್ಮ್‌ಗೂ ಸಬ್‌ಫ್ರೇಮ್‌ಗೂ ಮಧ್ಯೆ ಉದ್ದ ರಾಡ್ ಹಾಕಿ ಮೀಟಿ ನೋಡಿ. ರಬ್ಬರ್ ಒಂಚೂರು ಬಳುಕೋದು ಸಹಜ, ಅದನ್ನ ನೋಡಿ ಹೋಗಿದೆ ಅಂದ್ಬಿಡಬೇಡಿ, ಕೊಳವೆಗೂ ರಬ್ಬರ್‌ಗೂ ಮಧ್ಯೆ ಬಿರುಕು ಬಾಯಿ ಬಿಡ್ತಿದ್ರೆ, ಇಲ್ಲಾ ಕಬ್ಬಿಣಕ್ಕೆ ಕಬ್ಬಿಣ ತಾಕಿ ಟಕ್ ಅಂದ್ರೆ ಹೋಗಿದೆ. ಮೇಲ್ಮೈಯಲ್ಲಿ ಕೂದಲೆಳೆ ಬಿರುಕು ಮಾತ್ರ ಇದ್ರೆ ಇನ್ನೂ ಓಡತ್ತೆ.

ಇನ್ನೊಂದು ನೋಡ್ಬೇಕಾದ್ದು, ಬುಷ್ ಮೇಲೆ ಎಣ್ಣೆ ಸುರೀತಿದ್ಯಾ ಅಂತ. ಇಂಜಿನ್ ಆಯಿಲ್ ಸೀಲ್, ಗೇರ್‌ಬಾಕ್ಸ್, ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಇದ್ರೆ ಅದರ ಪೈಪು, ಇವುಗಳಿಂದ ಸೋರಿ ರಬ್ಬರ್ ನೆನೆದು ಉಬ್ಬಿ ಮೇಣದ ತರ ಆಗಿರತ್ತೆ. ಆ ಸೋರಿಕೆ ನಿಲ್ಲಿಸದೆ ಹೊಸ ಬುಷ್ ಹಾಕಿದ್ರೆ ದುಡ್ಡು ದಂಡ.

ಏನು ತಗೋಬೇಕು

ಕಂಪನಿ ಪಾರ್ಟ್ ಬಿಟ್ಟು ಹೊರಗಡೆ ತಗೊಳೋರಿಗೆ ಮೂರು ದಾರಿ ಇದೆ. ಒಂದು, ಬುಷ್ ಮಾತ್ರ ತಂದು ಹಳೇ ಆರ್ಮ್‌ಗೆ ಪ್ರೆಸ್ ಮಾಡ್ಸೋದು. ಎರಡು, ಬುಷ್ಷು, ಬಾಲ್ ಜಾಯಿಂಟು (ಆರ್ಮ್‌ನ ಚಕ್ರದ ಕಡೆ ತುದೀಲಿರೋ ಗುಂಡು ಕೀಲು) ಎಲ್ಲ ಕೂತಿರೋ ಪೂರ್ತಿ ಆರ್ಮ್ ತರೋದು. ಮೂರು, ಪಾಲಿಯುರೆಥೇನ್ (ರಬ್ಬರ್‌ಗಿಂತ ಗಟ್ಟಿಯಾದ ಒಂದು ಪ್ಲಾಸ್ಟಿಕ್) ಬುಷ್, ಜನ ಪಿಯು ಅಂತಾರೆ.

ಗಾಡಿ ಜಾಸ್ತಿ ಓಡಿದ್ದು ಬಾಲ್ ಜಾಯಿಂಟ್ ಕೂಡ ಆಟ ಆಡ್ತಿದ್ರೆ ಪೂರ್ತಿ ಆರ್ಮ್ ತಗೊಳ್ಳಿ ಅನ್ನೋದೇ ನನ್ನ ಸಲಹೆ, ಯಾಕಂದ್ರೆ ಪ್ರೆಸ್ ಮಾಡೋವಾಗ ಆಗೋ ಅನಾಹುತ ಎಲ್ಲಾ ತಪ್ಪತ್ತೆ, ದಿಕ್ಕಿನ ತಲೆನೋವೂ ಇರಲ್ಲ, ಲೇಬರ್ ಕೂಡ ಕಮ್ಮಿ. ಆದ್ರೆ ಒಂದು ಎಚ್ಚರಿಕೆ, ತೀರಾ ಅಗ್ಗದ ಆರ್ಮ್‌ನಲ್ಲಿ ತಗಡು ತೆಳ್ಳಗಿರತ್ತೆ, ವೆಲ್ಡಿಂಗ್ ಒರಟಾಗಿರತ್ತೆ, ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೂಕ ನೋಡಿ, ಬೋಲ್ಟ್ ತೂತಿಂದ ಬಾಲ್ ಜಾಯಿಂಟ್ ಮಧ್ಯಕ್ಕೆ ಟೇಪ್ ಹಿಡಿದು ಅಳೀರಿ. ಕೈಗೆ ಹಗುರ ಅನ್ಸಿದ್ರೆ ವಾಪಸ್ ಕೊಡಿ. ಆರ್ಮ್ ಅಂದ್ರೆ ಚಕ್ರ ಹಿಡಿದಿರೋ ವಸ್ತು, ಶಿರಾಡಿ ಘಾಟಿ ಇಳಿಯೋವಾಗ ಅದು ಮುರಿದ್ರೆ ಏನಾಗತ್ತೆ ಅಂತ ಯೋಚ್ನೆ ಮಾಡಿ.

ಬ್ರ್ಯಾಂಡ್ ವಿಷ್ಯಕ್ಕೆ ಬಂದ್ರೆ ಯುರೋಪಿನ ಗಾಡಿಗೆ ಲೆಮ್‌ಫೋರ್ಡರ್, ಮೈಲೆ, ಫೆಬಿ, ಟಿಆರ್‌ಡಬ್ಲ್ಯೂ ಸಿಗತ್ತೆ, ಇದ್ರಲ್ಲಿ ಲೆಮ್‌ಫೋರ್ಡರ್ ಅನ್ನೋದು ಜೆಡ್‌ಎಫ್ ಕಂಪನಿಯ ಬ್ರ್ಯಾಂಡು, ಎಷ್ಟೋ ಗಾಡಿಗೆ ಫ್ಯಾಕ್ಟರೀಲೇ ಪಾರ್ಟ್ ಕೊಡೋರು ಅವ್ರೇ. ಮಾರುತಿ ಹ್ಯುಂಡೈಗೆ ಕಂಪನಿ ಪಾರ್ಟ್‌ಗೂ ಹೊರಗಿನ ಒಳ್ಳೇ ಪಾರ್ಟ್‌ಗೂ ಬೆಲೆ ವ್ಯತ್ಯಾಸ ದೊಡ್ಡದೇನೂ ಇರಲ್ಲ, ಅಂಥ ಕಡೆ ಕಂಪನೀದೇ ತಗೊಳ್ಳಿ, ಬೆಂಗಳೂರಲ್ಲಿ ಜೆ.ಸಿ. ರೋಡಲ್ಲಿ ಎರಡೂ ಸಿಗತ್ತೆ. ಅಂಗಡೀಲೇ ಪ್ಯಾಕೆಟ್ ಬಿಚ್ಚಿ ನೋಡಿ. ರಬ್ಬರ್‌ಗೆ ಉಗುರು ಒತ್ತಿದ್ರೆ ಗುರುತು ಬಿದ್ದು ವಾಪಸ್ ಬರ್ಬೇಕು. ಕಲ್ಲಿನ ಹಾಗಿದ್ರೆ, ಅಂಚಲ್ಲಿ ಬಿರುಕಿದ್ರೆ, ಅದು ಗೋಡೌನಲ್ಲಿ ವರ್ಷಗಟ್ಟಲೆ ಕೂತಿದ್ದು, ರಬ್ಬರ್ ಓಡದೆ ಇದ್ರೂ ಮುದಿಯಾಗತ್ತೆ. ಮತ್ತೆ ಯಾವತ್ತೂ ಎಡ ಬಲ ಎರಡೂ ಒಟ್ಟಿಗೇ ಬದಲಾಯಿಸಿ, ಒಂದ್ಕಡೆ ಹೊಸ ಬಿಗಿ ರಬ್ಬರ್ ಇನ್ನೊಂದ್ಕಡೆ ಹಳೇ ಸಡಿಲ ರಬ್ಬರ್ ಇದ್ರೆ ಬ್ರೇಕಲ್ಲಿ ಗಾಡಿ ಎಳೆಯೋದು ನಿಲ್ಲಲ್ಲ.

ಪಿಯು ಬಗ್ಗೆ. ಪವರ್‌ಫ್ಲೆಕ್ಸ್, ಸೂಪರ್‌ಪ್ರೊ, ವೈಟ್‌ಲೈನ್ ಇವೆಲ್ಲ ಹೆಸರಿರೋ ಬ್ರ್ಯಾಂಡು. ಎಣ್ಣೆಗೆ ಕರಗಲ್ಲ, ಸ್ಟೇರಿಂಗ್ ಚುರುಕಾಗತ್ತೆ, ಸರಿಯಾಗಿ ಹಾಕಿದ್ರೆ ತುಂಬ ವರ್ಷ ಬರತ್ತೆ. ಆದ್ರೆ ರಬ್ಬರ್ ತರ ತಿರುಚಿಕೊಳ್ಳೋ ವಸ್ತು ಅಲ್ಲ ಅದು, ಪಿಯು ಒಳಗೆ ಕಬ್ಬಿಣದ ಸ್ಲೀವ್, ಅಂದ್ರೆ ಒಳ ಕೊಳವೆ, ನಿಜವಾಗ್ಲೂ ತಿರುಗತ್ತೆ. ಅದಕ್ಕೇ ಒಂದೇ ಅಕ್ಷದಲ್ಲಿ ತಿರುಗೋ ಜಾಗಕ್ಕೆ ಅದು ಚೆನ್ನ, ಅಂದ್ರೆ ಅಡ್ಡ ಬೋಲ್ಟಿನ ಬುಷ್, ಸ್ಟೆಬಿಲೈಸರ್ ಬುಷ್. ನೆಟ್ಟಗೆ ನಿಂತಿರೋ ಹಿಂದಿನ ಬುಷ್‌ನಲ್ಲಿ ಆರ್ಮ್ ಮೇಲೆ ಕೆಳಗೆ ಹೋದಾಗ ಓಲಾಡ್ಬೇಕಾಗತ್ತೆ, ಅಲ್ಲಿ ಗಟ್ಟಿ ಪಿಯು ತುರುಕಿದ್ರೆ ಓಲಾಡೋಕೆ ಬಿಡದೆ ಆ ಬಲ ಎಲ್ಲ ಆರ್ಮ್ ಮೇಲೂ ಬ್ರಾಕೆಟ್ ಮೇಲೂ ಬೀಳತ್ತೆ. ಆ ಜಾಗಕ್ಕಂತಲೇ ಡಿಸೈನ್ ಮಾಡಿ ಖಾಲಿ ಜಾಗ ಬಿಟ್ಟಿರೋ ಪಿಯು ಆಗಿದ್ರೆ ಮಾತ್ರ ಸರಿ, ಅಳತೆ ಹೇಳಿದ್ರೆ ಲೇತ್‌ನಲ್ಲಿ ಕಡಿದು ಕೊಡ್ತೀವಿ ಅನ್ನೋರ ಹತ್ರ ಸಸ್ಪೆನ್ಷನ್ ಬುಷ್ ಮಾಡಿಸ್ಬೇಡಿ. ಊರೊಳಗೆ ದಿನಾ ಓಡಾಡೋ ಮನೆ ಗಾಡಿಗೆ ನಾನಂತೂ ರಬ್ಬರ್ರೇ ಹೇಳೋದು, ಪಿಯು ಹಾಕಿದ್ಮೇಲೆ ರಸ್ತೆಯ ಒಂದೊಂದು ಜಲ್ಲಿ ಕಲ್ಲೂ ಸೀಟಿಗೆ ಗೊತ್ತಾಗತ್ತೆ.

ಬಿಚ್ಚೋದು

ಗಾಡಿ ನೆಲದ ಮೇಲಿರೋವಾಗ್ಲೇ ಒಂದು ಅಳತೆ ತಗೊಳ್ಳಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟು ಎಂಎಂ ಇದೆ ಅಂತ, ಎರಡೂ ಕಡೆ, ಬರೆದಿಟ್ಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ, ಈ ಒಂದು ಅಳತೆ ಇಡೀ ಕೆಲ್ಸದಲ್ಲಿ ತುಂಬ ಬೆಲೆಬಾಳೋದು.

ಸಮತಟ್ಟು ಗಟ್ಟಿ ನೆಲ, ಹಿಂದಿನ ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್. ವೀಲ್ ನಟ್ ನೆಲದ ಮೇಲೇ ಸಡಿಲ ಮಾಡಿ ಆಮೇಲೆ ಎತ್ತಿ, ಜಾಕಿ ಮೇಲೆ ನಂಬಿಕೆ ಇಟ್ಟು ಕೆಳಗೆ ತೂರ್ಬೇಡಿ, ಎರಡೂ ಕಡೆ ಸ್ಟ್ಯಾಂಡ್ ಕೊಡಿ. ಎರಡೂ ಮುಂಚಕ್ರ ಒಟ್ಟಿಗೆ ಎತ್ತೋದು ಒಳ್ಳೇದು, ಒಂದೇ ಎತ್ತಿದ್ರೆ ಸ್ಟೆಬಿಲೈಸರ್ ಬಾರ್ ತಿರುಚ್ಕೊಂಡು ಎತ್ತಿದ ಕಡೆಯನ್ನ ಮೇಲಕ್ಕೆ ಎಳೆಯತ್ತೆ, ಲಿಂಕ್ ಬಿಚ್ಚೋಕೆ ಒದ್ದಾಡ್ಬೇಕಾಗತ್ತೆ.

ಬಾಲ್ ಜಾಯಿಂಟ್‌ನ ನಕಲ್ (ಚಕ್ರದ ಹಬ್ ಕೂತಿರೋ ಭಾಗ) ಒಳಗೆ ಪಿಂಚ್ ಬೋಲ್ಟಲ್ಲಿ (ಸೀಳನ್ನ ಅದುಮಿ ಹಿಡಿಯೋ ಬೋಲ್ಟ್) ಹಿಡಿದಿದ್ರೆ ಆ ಬೋಲ್ಟ್ ಪೂರ್ತಿ ಹೊರಗೆ ತೆಗೀಬೇಕು, ಬರೀ ಸಡಿಲ ಮಾಡಿದ್ರೆ ಬರಲ್ಲ, ಬಾಲ್ ಜಾಯಿಂಟ್ ಕಡ್ಡೀಲಿ ಒಂದು ಕಚ್ಚು ಇರತ್ತೆ, ಬೋಲ್ಟ್ ಅದರೊಳಗೆ ಕೂತಿರತ್ತೆ. ಬಿಚ್ಚಿದ್ಮೇಲೆ ಸೀಳಿನೊಳಗೆ ಚಪ್ಪಟೆ ಉಳಿ ಹಾಕಿ ಸ್ವಲ್ಪ ಅಗಲಿಸಿ, ರಬ್ಬರ್ ಬೂಟ್ ಹರೀದೆ ಆರ್ಮ್ ಕೆಳಗೆ ಎಳೀರಿ. ಆರ್ಮ್ ಬಿಟ್ಟ ಕೂಡ್ಲೇ ಹಬ್ ಹೊರಗಡೆ ಜೋಲತ್ತೆ, ಅದನ್ನ ಹಾಗೇ ಬಿಡ್ಬೇಡಿ ತಂತಿ ಕಟ್ಟಿ ನಿಲ್ಲಿಸಿ, ಡ್ರೈವ್ ಶಾಫ್ಟ್ (ಗೇರ್‌ಬಾಕ್ಸಿಂದ ಬಂದು ಚಕ್ರ ತಿರುಗಿಸೋ ದಂಡ) ಒಳಗಿನ ಜಾಯಿಂಟ್ ಕಳಚ್ಕೊಂಡ್ರೆ ಬುಷ್ ಕೆಲ್ಸ ಇಡೀ ದಿನದ ಕೆಲ್ಸ ಆಗ್ಬಿಡತ್ತೆ.

ಬೋಲ್ಟ್ ತುಕ್ಕು ಹಿಡಿದಿರೋದು ಸಾಮಾನ್ಯ, ಮಂಗಳೂರು ಉಡುಪಿ ಕಡೆ ಉಪ್ಪುಗಾಳಿಗೆ ಇನ್ನೂ ಜಾಸ್ತಿ, ಬೋಲ್ಟು ಒಳ ಕೊಳವೆಗೇ ಅಂಟ್ಕೊಂಡಿರತ್ತೆ. ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಎಣ್ಣೆ ಬಿಡಿ. ನಟ್ ಸಡಿಲ ಆದ್ಮೇಲೂ ಬೋಲ್ಟ್ ತಿರುಗಿಸಿದಾಗ ಸ್ಪಂಜಿನ ಹಾಗೆ ತಿರುಗಿ ವಾಪಸ್ ಬಂದ್ರೆ ಅಂಟಿದೆ ಅಂತ ಅರ್ಥ. ಬುಷ್ ಹೇಗಿದ್ರೂ ಬದಲಾಯಿಸ್ತಿದೀರಲ್ಲ, ಬೇರೆ ದಾರಿ ಇಲ್ದಿದ್ರೆ ಬೋಲ್ಟ್ ಕತ್ತರಿಸಿ ಹೊಸ ಬೋಲ್ಟ್ ಹಾಕಿ, ಅದೇ ಗ್ರೇಡ್‌ದು, ತಲೆ ಮೇಲೆ 10.9 ಅಂತಿದ್ರೆ 10.9ನೇ, ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟ್ ಬೇಡ. ಕೆಲವು ಯುರೋಪಿನ ಗಾಡೀಲಿ ಟಾರ್ಕ್ (ಬೋಲ್ಟ್ ತಿರುಗಿಸಿ ಬಿಗಿ ಮಾಡೋ ಬಲದ ಅಳತೆ) ಕೊಟ್ಟ ಮೇಲೆ ಇನ್ನೂ 90 ಡಿಗ್ರಿ ತಿರುಗಿಸಿ ಅಂತ ಮ್ಯಾನ್ಯುಯಲ್‌ನಲ್ಲಿರತ್ತೆ, ಆ ಬೋಲ್ಟ್ ಹಿಗ್ಗಿರತ್ತೆ, ಒಂದು ಸಲಕ್ಕೆ ಮಾತ್ರ, ಹೊಸದೇ ಹಾಕ್ಬೇಕು.

ಹಳೇದು ತೆಗೆಯೋ ಮುಂಚೆ ಗುರುತು

ಆರ್ಮ್ ಕೈಗೆ ಬಂತು. ಈಗ ಸುತ್ತಿಗೆ ತಗೊಳೋ ಮುಂಚೆ ಫೋಟೋ ತೆಗೀರಿ, ಎರಡೂ ಬದಿಯಿಂದ. ಆಮೇಲೆ ಪೇಂಟ್ ಮಾರ್ಕರಲ್ಲಿ ಖಾಲಿ ಜಾಗ ಯಾವ ಕಡೆ ನೋಡ್ತಿದೆ ಅಂತ ಆರ್ಮ್ ಮೇಲೇ ಗೆರೆ ಹಾಕಿ. ಬುಷ್ ಕೊಳವೆ ಆರ್ಮ್‌ನಿಂದ ಎಷ್ಟು ಹೊರಗೆ ಚಾಚಿದೆ ಅಂತ ವರ್ನಿಯರಲ್ಲಿ ಅಳೀರಿ, ಎರಡೂ ಕಡೆ ಒಂದೇ ಸಮ ಇರಲ್ಲ ಎಷ್ಟೋ ಸಲ. ಹಳೇ ಬುಷ್ ಹಿಂದೆ ಯಾರೋ ಹಾಕಿದ್ದಾಗಿದ್ರೆ ಅವ್ರೇ ದಿಕ್ಕು ತಪ್ಪಿರಬಹುದು, ಹಾಗಾಗಿ ಸರ್ವಿಸ್ ಮ್ಯಾನ್ಯುಯಲ್ ಚಿತ್ರ ಇದ್ರೆ ಅದನ್ನೇ ನಂಬಿ. ಹೊಸ ಬುಷ್ ಮೇಲೂ ಬಾಣ, ಕಚ್ಚು, ಉಬ್ಬಿದ ಚುಕ್ಕೆ ಏನಾದ್ರೂ ಗುರುತು ಇರತ್ತೆ, ಅದು ಆರ್ಮ್‌ನ ಯಾವುದೋ ಗೆರೆಗೋ ಅಂಚಿಗೋ ನೇರ ಬರ್ಬೇಕು. ಎಡದ್ದು ಬಲದ್ದು ಕನ್ನಡಿ ಬಿಂಬದ ಹಾಗೆ ಉಲ್ಟಾ ಇರತ್ತೆ, ಒಂದೇ ತರ ಹಾಕ್ಬಿಡೋರಿದ್ದಾರೆ.

ದಿಕ್ಕು ತಪ್ಪಿದ್ರೆ ಏನಾಗತ್ತೆ ಅಂದ್ರೆ, ಬಳುಕಬೇಕಾದ ಕಡೆ ಗಟ್ಟಿ, ಗಟ್ಟಿ ಇರ್ಬೇಕಾದ ಕಡೆ ಖಾಲಿ. ತಿರುವಲ್ಲಿ ಆರ್ಮ್ ಪಕ್ಕಕ್ಕೆ ಜರುಗತ್ತೆ, ಸ್ಟೇರಿಂಗ್ ಸೋಮಾರಿ ಆಗತ್ತೆ, ಗುಂಡಿ ಏಟು ನೇರ ಬಾಡಿಗೆ ಬರತ್ತೆ, ಮತ್ತೆ ತೆಳ್ಳಗಿನ ರಬ್ಬರ್ ಕಾಲುಗಳು ತಾವು ಹೊರಬಾರದ ಭಾರ ಹೊತ್ತು ಹರಿದು ಹೋಗತ್ತೆ. ಬುಷ್ ಕಂಪನೀದು ತಪ್ಪಿಲ್ಲ ಇಲ್ಲಿ.

ತೆಗೆದು ಹೊಸದು ಕೂರಿಸೋದು

ಪ್ರೆಸ್ ಇದ್ರೆ ಹೊರಗಿನ ಕೊಳವೆ ಅಳತೆಗಿಂತ ಒಂಚೂರು ಚಿಕ್ಕ ಬಟ್ಟಲು ಇಟ್ಟು ತಳ್ಳಿ. ಇಲ್ಲದಿದ್ರೆ ರಬ್ಬರ್‌ಗೆ ಸುತ್ತ ಡ್ರಿಲ್ ಹೊಡೆದು ಒಳ ಕೊಳವೆ ತೆಗೆದು, ಹ್ಯಾಕ್ಸಾ ಬ್ಲೇಡ್ ತೂರಿಸಿ ಹೊರ ಕೊಳವೆನ ಉದ್ದಕ್ಕೆ ಕುಯ್ಯಿರಿ, ಒಂದು ಕಡೆ ಕುಯ್ದ ಕೂಡ್ಲೇ ಬಿಗಿ ಬಿಡತ್ತೆ, ಉಳೀಲಿ ಒಳಕ್ಕೆ ಮಡಚಿ ತೆಗೀಬಹುದು. ಬ್ಲೇಡ್ ಆರ್ಮ್ ಕಬ್ಬಿಣಕ್ಕೆ ಇಳೀಬಾರ್ದು, ಆ ಗೀರಿಂದಾನೇ ಮುಂದೆ ಬಿರುಕು ಶುರುವಾಗತ್ತೆ. ಗ್ಯಾಸ್ ಕಟ್ಟರಲ್ಲಿ ರಬ್ಬರ್ ಸುಡೋದು ಬೇಡ್ವೇ ಬೇಡ, ಹೊಗೆ ವಿಷ, ಶಾಖಕ್ಕೆ ಬಾಲ್ ಜಾಯಿಂಟ್ ಬೂಟೂ ಗ್ರೀಸೂ ಹೋಗತ್ತೆ, ಅಲ್ಯೂಮಿನಿಯಂ ಆರ್ಮ್ ಆದ್ರೆ ಅದರ ಗಟ್ಟಿತನವೇ ಹೋಗತ್ತೆ.

ತೂತಿನ ಒಳಗಡೆ ತಂತಿ ಬ್ರಷ್, ಆಮೇಲೆ 120 ನಂಬರ್ ಎಮರಿ ಪೇಪರ್. ತುಕ್ಕು ಹೋಗ್ಬೇಕು, ಕಬ್ಬಿಣ ತಿನ್ಬಾರ್ದು. ತೂತು ಅಂಡಾಕಾರ ಆಗಿದ್ರೆ, ಬುಷ್ ಕೈಯಲ್ಲೇ ಸುಲಭವಾಗಿ ಕೂತ್ರೆ, ಆ ಆರ್ಮ್ ಬಿಸಾಕಿ. ಸುತ್ತ ವೆಲ್ಡಿಂಗ್ ಚುಕ್ಕೆ ಇಟ್ಟು ಬುಷ್ ನಿಲ್ಲಿಸೋದನ್ನ ನೋಡಿದೀನಿ, ಬಿಸಿಗೆ ರಬ್ಬರ್ ಅಂಟು ಅಲ್ಲೇ ಬಿಟ್ಟಿರತ್ತೆ, ಯಾರೇ ಹೇಳಿದ್ರೂ ಮಾಡಿಸ್ಬೇಡಿ.

ಹೊಸ ಬುಷ್ ಒತ್ತೋವಾಗ ಬಲ ಬೀಳ್ಬೇಕಾದ್ದು ಹೊರ ಕೊಳವೆ ಅಂಚಿನ ಮೇಲೆ ಮಾತ್ರ. ಒಳ ಕೊಳವೆ ಮೇಲೆ ಒತ್ತಿದ್ರೆ ಪೂರ್ತಿ ಬಲ ರಬ್ಬರ್ ಅಂಟಿನ ಮೂಲಕ ಹೋಗತ್ತೆ, ಕಣ್ಣಿಗೆ ಕಾಣ್ದ ಹಾಗೆ ಒಳಗೆ ಬಿಟ್ಕೊಂಡಿರತ್ತೆ, ಹಾಕಿದ ದಿನ ಚೆನ್ನಾಗಿರತ್ತೆ ಮಳೆಗಾಲ ಮುಗಿಯೋ ಹೊತ್ತಿಗೆ ಲಟಲಟ. ಹೊರ ಕೊಳವೆಗೆ ಸರಿಹೊಂದೋ ಬಾಕ್ಸ್ ಸ್ಪ್ಯಾನರ್ ಸಾಕೆಟ್ಟೋ ದಪ್ಪ ಪೈಪ್ ತುಂಡೋ ಹುಡುಕಿ, ಇನ್ನೊಂದ್ಕಡೆ ಬುಷ್ ದಾಟಿ ಬರೋಕೆ ಜಾಗ ಇರೋ ದೊಡ್ಡ ಪೈಪ್. ಪ್ರೆಸ್ ಇಲ್ದಿದ್ರೆ ಎಂ12 ಥ್ರೆಡ್ ರಾಡ್, ದಪ್ಪ ವಾಷರ್, ನಟ್, ಥ್ರೆಡ್‌ಗೆ ಗ್ರೀಸ್, ನಿಧಾನ ತಿರುಗಿಸ್ತಾ ಹೋದ್ರೆ ಎಳ್ಕೊಂಡು ಹೋಗತ್ತೆ, ಸಾದಾ ರಾಡ್ ಹಿಗ್ಗತ್ತೆ, ಗಟ್ಟಿ ಗ್ರೇಡ್ ರಾಡ್ ತಗೊಳ್ಳಿ. ತಗಡಿನ ಆರ್ಮ್ ಆದ್ರೆ ಪ್ರೆಸ್ ಕೆಳಗೆ ಅದರ ಕಿವಿಗಳು ಮಡಚಿಕೊಳ್ಳತ್ತೆ, ಮಧ್ಯದಲ್ಲಿ ಸರಿಯಾದ ಅಳತೆಯ ಕಬ್ಬಿಣದ ತುಂಡು ಆಸರೆ ಕೊಡ್ಲೇಬೇಕು. ಮೊದಲ 2-3 ಎಂಎಂ ನೆಟ್ಟಗೆ ಹೋಗ್ತಿದ್ಯಾ ನೋಡಿ, ಒಂದ್ಕಡೆ ವಾಲಿದ್ರೆ ನಿಲ್ಲಿಸಿ ತೆಗೆದು ಮತ್ತೆ ಶುರು ಮಾಡಿ, ಬಲವಂತ ಮಾಡಿದ್ರೆ ಕೊಳವೆ ಮಡಚಿ ಆರ್ಮ್ ಒಳಗೆ ಗೀರು ಬೀಳತ್ತೆ.

ಬುಷ್‌ನ ಫ್ರೀಜರಲ್ಲಿ ಇಟ್ರೆ ಸುಲಭವಾಗಿ ಕೂರತ್ತೆ ಅಂತಾರೆ, ಲೆಕ್ಕ ಹಾಕಿ ನೋಡೋಣ. 40 ಎಂಎಂ ಕಬ್ಬಿಣದ ಕೊಳವೆ 30 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದ್ರೆ ಕುಗ್ಗೋದು ಸುಮಾರು 0.023 ಎಂಎಂ. ಒಂಚೂರು ಸಹಾಯ ಆಗತ್ತೆ ಅಷ್ಟೇ, ಆದ್ರೆ ತಣ್ಣಗಿನ ರಬ್ಬರ್ ಬಿರುಸಾಗಿರತ್ತೆ, ಸುತ್ತಿಗೆ ಏಟಿಗೆ ಇನ್ನೂ ಕೆಟ್ಟದು. ಹಾಗಾಗಿ ಫ್ರೀಜರ್ ಇಟ್ರೂ ಪ್ರೆಸ್ಸೇ ಬೇಕು.

ಜಾರೋಕೆ ಏನು ಹಚ್ಬೇಕು ಅನ್ನೋದು ಎಲ್ರೂ ಕೇಳೋ ಪ್ರಶ್ನೆ. ಕಬ್ಬಿಣದ ಕೊಳವೆ ಹೊರಮೈಗೆ ಸೋಪಿನ ನೀರು ಸಾಕು, ಒಣಗಿದ್ಮೇಲೆ ಜಾರಲ್ಲ. ಸಾದಾ ಗ್ರೀಸು, ಇಂಜಿನ್ ಆಯಿಲ್, ಡೀಸೆಲ್, ಡಬ್ಲ್ಯೂಡಿ-40 ಇವೆಲ್ಲ ಪೆಟ್ರೋಲಿಯಂ ಮೂಲದ್ದು, ರಬ್ಬರ್‌ಗೆ ತಾಕಿದ್ರೆ ಉಬ್ಬಿಸಿ ಮೆತ್ತಗೆ ಮಾಡತ್ತೆ. ಬುಷ್ ಕಿರಕಿರ ಅಂದ್ರೆ ಆಯಿಲ್ ಸ್ಪ್ರೇ ಹೊಡೆಯೋ ಅಭ್ಯಾಸ ಇದ್ಯಲ್ಲ, ಎರಡು ದಿನ ಶಬ್ದ ನಿಲ್ಲತ್ತೆ, ಆಮೇಲೆ ಬುಷ್ಷೇ ಇರಲ್ಲ.

ಟೈಟ್ ಮಾಡೋದು, ಇದೇ ಎಲ್ಲಕ್ಕಿಂತ ಮುಖ್ಯ

ಆರ್ಮ್ ವಾಪಸ್ ಕೂರಿಸಿ, ಬಾಲ್ ಜಾಯಿಂಟ್ ಪಿಂಚ್ ಬೋಲ್ಟ್ ಪೂರ್ತಿ ಟಾರ್ಕ್ ಕೊಟ್ಟು ಬಿಗಿ ಮಾಡಿ. ಬುಷ್ ಬೋಲ್ಟ್ ಮಾತ್ರ ಕೈಯಲ್ಲಿ ತಿರುಗಿಸಿ ನಿಲ್ಲೋವಷ್ಟು ಬಿಗಿ ಮಾಡಿ ಬಿಡಿ, ಪೂರ್ತಿ ಬಿಗಿ ಈಗ ಬೇಡ.

ಯಾಕೆ ಅಂದ್ರೆ, ಚಕ್ರ ನೇತಾಡ್ತಿರೋವಾಗ ಆರ್ಮ್ ಕೆಳಗೆ ಬಾಗಿರತ್ತೆ. ಆರ್ಮ್ ಉದ್ದ 350 ಎಂಎಂ ಅಂತಿಟ್ಕೊಳ್ಳಿ, ಚಕ್ರ 90 ಎಂಎಂ ಕೆಳಗೆ ಜೋತಿದೆ ಅಂದ್ರೆ ಆರ್ಮ್ ಹೆಚ್ಚುಕಡಿಮೆ 15 ಡಿಗ್ರಿ ಇಳಿದಿದೆ. ಆ ಸ್ಥಿತೀಲಿ ಬೋಲ್ಟ್ ಬಿಗಿ ಮಾಡಿದ್ರೆ ಒಳ ಕೊಳವೆ ಅಲ್ಲೇ ಲಾಕ್ ಆಯ್ತು, ರಬ್ಬರ್‌ನ ಸೊನ್ನೆ ಜಾಗ ಅದೇ ಆಯ್ತು. ಈಗ ಗಾಡಿ ಕೆಳಗಿಳಿಸಿದ ಕೂಡ್ಲೇ ರಬ್ಬರ್ 15 ಡಿಗ್ರಿ ತಿರುಚ್ಕೊಂಡು ನಿಂತ್ಕೊಳ್ಳತ್ತೆ, ಗಾಡಿ ಮನೆ ಮುಂದೆ ನಿಂತಿದ್ರೂ, ರಾತ್ರಿ ಎಲ್ಲಾ. ಅದರ ಮೇಲೆ ಹಂಪ್ ಹತ್ತಿದ್ರೆ ಇನ್ನೊಂದು 10 ಡಿಗ್ರಿ, ಗುಂಡಿಯ ಅಂಚಿಗೆ ಬಡಿದ್ರೆ ಇನ್ನೂ ಜಾಸ್ತಿ. ವಾಪಸ್ ಸೊನ್ನೆಗೆ ಬರೋ ಅವಕಾಶಾನೇ ಇಲ್ಲ. ಕೆಲವೇ ತಿಂಗಳಲ್ಲಿ ಅಂಟು ಬಿಟ್ಟು ಸುತ್ತ ಹರಿಯತ್ತೆ, ಒಂದೇ ದಿಕ್ಕಿಗೆ ಹರಿದಿರೋ ಬುಷ್ ನೋಡಿದ್ರೆ ಇದೇ ಕಾರಣ ಅಂತ ಊಹಿಸ್ಬಹುದು. ಲಿಫ್ಟ್ ಇರೋ ಗ್ಯಾರೇಜಲ್ಲಿ ಈ ತಪ್ಪು ಆಗೋದು ಇನ್ನೂ ಸುಲಭ, ಗಾಡಿ ಮೇಲಿದೆ, ಇಂಪ್ಯಾಕ್ಟ್ ಗನ್ ಕೈಲಿದೆ, ಟರ್ ಅಂತ ಒಂದು ಸಲ ಒತ್ತಿದ್ರೆ ಕೆಲ್ಸ ಮುಗೀತು. ಮೆಕ್ಯಾನಿಕ್ ಅಣ್ಣನಿಗೆ ಮೊದಲೇ ಹೇಳಿ, ಅಣ್ಣಾ ಬುಷ್ ಬೋಲ್ಟ್ ಗಾಡಿ ಇಳಿಸಿದ್ಮೇಲೆ ಟೈಟ್ ಮಾಡಿ ಅಂತ, ಪಕ್ಕದಲ್ಲೇ ನಿಂತ್ಕೊಳ್ಳಿ, ಮುಜುಗರ ಪಡ್ಬೇಡಿ.

ಮಾಡೋ ವಿಧಾನ ಎರಡು. ಸರ್ವಿಸ್ ಪಿಟ್ ಇಲ್ಲಾ ರ‍್ಯಾಂಪ್ ಇದ್ರೆ ಚಕ್ರ ಹಾಕಿ ಗಾಡಿ ಇಳಿಸಿ, ನಾಲ್ಕು ಸಲ ಬಾನೆಟ್ ಒತ್ತಿ ಕುಣಿಸಿ, ಸ್ವಲ್ಪ ಹಿಂದೆ ಮುಂದೆ ತಳ್ಳಿ, ಚಕ್ರದ ಭಾರದಲ್ಲೇ ಕೆಳಗಿಂದ ಟಾರ್ಕ್ ಕೊಡಿ. ಅದಿಲ್ಲ ಅಂದ್ರೆ ಸ್ಟ್ಯಾಂಡ್ ಮೇಲೇ ಇಟ್ಟು ಬಾಲ್ ಜಾಯಿಂಟ್ ಹತ್ರ ಆರ್ಮ್ ಕೆಳಗೆ ಜಾಕಿ ಇಟ್ಟು ಎತ್ತುತ್ತಾ ಹೋಗಿ, ಶುರುವಲ್ಲಿ ಬರೆದಿಟ್ಟ ಅಳತೆ ಇದ್ಯಲ್ಲ, ಹಬ್ ನಡುವಿಂದ ಮಡ್‌ಗಾರ್ಡ್ ಅಂಚಿಗೆ ಅಷ್ಟೇ ಎಂಎಂ ಬಂದಾಗ ನಿಲ್ಲಿಸಿ ಟೈಟ್ ಮಾಡಿ. ಎತ್ತೋವಾಗ ಗಾಡಿ ಸ್ಟ್ಯಾಂಡಿನಿಂದ ಏಳ್ತಿದ್ಯಾ ಅಂತ ಕಣ್ಣಿಟ್ಟಿರಿ, ಎದ್ರೆ ಅಲ್ಲೇ ನಿಲ್ಲಿಸಿ.

ಟಾರ್ಕ್ ಎಷ್ಟು ಅಂತ ನಿಮ್ ಗಾಡಿ ಮ್ಯಾನ್ಯುಯಲ್ ನೋಡ್ಲೇಬೇಕು, ಗಾಡಿಯಿಂದ ಗಾಡಿಗೆ ಬೇರೆ. ಅಂದಾಜು ಸಿಗೋಕೆ ಹೇಳ್ಬೇಕಂದ್ರೆ 100 ಎನ್‌ಎಂ (ನ್ಯೂಟನ್ ಮೀಟರ್) ಅಂದ್ರೆ 40 ಸೆಂಟಿಮೀಟರ್ ರಾಡ್ ತುದೀಲಿ ಸುಮಾರು 25 ಕೆಜಿ ನೇತುಹಾಕಿದಷ್ಟು. ಕಮ್ಮಿ ಆದ್ರೆ ಒಳ ಕೊಳವೆ ಬ್ರಾಕೆಟ್ ಮಧ್ಯೆ ಜಾರಿ ಬೋಲ್ಟ್ ಮೇಲೆ ತಿರುಗತ್ತೆ, ತೂತು ಅಗಲ ಆಗತ್ತೆ, ಧಡ್ ಶಬ್ದ ಶುರು. ಬೋಲ್ಟ್ ಮಧ್ಯದ ಭಾಗಕ್ಕೆ ತುಕ್ಕು ಬರದ ಹಾಗೆ ತೆಳ್ಳಗೆ ಗ್ರೀಸ್ ಹಚ್ಚಬಹುದು, ಥ್ರೆಡ್‌ಗೆ ಬೇಡ, ಹಚ್ಚಿದ್ರೆ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಹಿಗ್ಗತ್ತೆ.

ನೆಟ್ಟಗೆ ನಿಂತಿರೋ ಬುಷ್‌ಗೆ ಈ ತಿರುಚೋ ಸಮಸ್ಯೆ ಕಮ್ಮಿ, ಅಲ್ಲಿ ದಿಕ್ಕೇ ಮುಖ್ಯ. ಆದ್ರೂ ನೆಲದ ಮೇಲೇ ಬಿಗಿ ಮಾಡಿ, ನಷ್ಟ ಏನಿಲ್ಲ.

ಪಿಯು ಹಾಕ್ತಿದ್ರೆ

ಕೆಲವು ಕಿಟ್‌ಗೆ ಹಳೇ ಹೊರ ಕೊಳವೆ ಉಳಿಸ್ಕೋಬೇಕು, ಕೆಲವಕ್ಕೆ ತೆಗೀಬೇಕು, ಪೇಪರ್ ಓದದೆ ಬಿಸಾಕ್ಬೇಡಿ. ಕಿಟ್ ಜೊತೆ ಬರೋ ಸಿಲಿಕೋನ್ ಗ್ರೀಸ್ ಪೂರ್ತಿ ಬಳಸಿ, ಸ್ಲೀವ್ ತಾಕೋ ಒಳಮೈಗೆ, ಬ್ರಾಕೆಟ್ ತಾಕೋ ಪಕ್ಕದ ಮುಖಕ್ಕೆ ಚೆನ್ನಾಗಿ ಹಚ್ಚಿ, ಸಾದಾ ಲಿಥಿಯಂ ಗ್ರೀಸ್ ಇಲ್ಲಿಗೆ ಬೇಡ. ಹೆಚ್ಚಿನ ಪಿಯು ಕಿರ್ ಕಿರ್ ದೂರು ಗ್ರೀಸ್ ಉಳಿಸಿದ್ರಿಂದ್ಲೇ ಬರೋದು. ಜೋಡಿಸಿದ್ಮೇಲೆ ಸ್ಲೀವ್ ಪಿಯುಗಿಂತ ಕೂದಲಷ್ಟು ಹೊರಗೆ ಇರ್ಬೇಕು, ಬೋಲ್ಟ್ ಬಿಗಿ ಬೀಳ್ಬೇಕಾದ್ದು ಸ್ಲೀವ್ ಮೇಲೆ. ಪಿಯು ಹೊರಗಿದ್ರೆ ಬ್ರಾಕೆಟ್ ಅದನ್ನೇ ಅದುಮಿ ಹಿಡಿದು ತಿರುಗೋಕೆ ಬಿಡಲ್ಲ, ಆಗ ಪಿಯು ಅಂಚು ಚೂರು ಚೂರಾಗಿ ಉದುರತ್ತೆ. ಬೋಲ್ಟ್ ಬಿಗಿ ಮಾಡಿದ್ಮೇಲೆ ಬಾಲ್ ಜಾಯಿಂಟ್ ಹಾಕೋ ಮುಂಚೆ ಆರ್ಮ್ ಕೈಯಲ್ಲಿ ಎತ್ತಿ ಇಳಿಸಿ ನೋಡಿ, ಬಿಗಿಯಾಗಿ ಆದ್ರೂ ನಯವಾಗಿ ಚಲಿಸ್ಬೇಕು.

ಸ್ಟೆಬಿಲೈಸರ್ ಬುಷ್ ಸುಲಭ, ರಬ್ಬರ್ ಆದ್ರೆ ಗ್ರೀಸ್ ಹಾಕದೆ ಒಣಗಿದ್ದೇ ಹಾಕಿ, ಸೀಳು ಮೊದಲು ಯಾವ ಕಡೆ ಇತ್ತೋ ಅದೇ ಕಡೆ, ಬಾರ್ ಮೇಲಿನ ತುಕ್ಕು ಮಣ್ಣು ಒರೆಸಿ, ಕ್ಲ್ಯಾಂಪ್ ಗಾಡಿ ಇಳಿಸಿದ್ಮೇಲೆ ಬಿಗಿ. ಬಾರ್ ಅಳತೆ ಮಾಡೆಲ್ ವರ್ಷಕ್ಕೆ ಬದಲಾಗತ್ತೆ, ವರ್ನಿಯರಲ್ಲಿ ಅಳೆದೇ ತಗೊಳ್ಳಿ. ಹಿಂದಿನ ಟಾರ್ಷನ್ ಬೀಮ್ ಬುಷ್‌ಗೆ ಬೀಮ್ ಇಳಿಸ್ಬೇಕು, ಬ್ರೇಕ್ ಪೈಪು ಹ್ಯಾಂಡ್ ಬ್ರೇಕ್ ಕೇಬಲ್ಲು ಎಳೀದ ಹಾಗೆ, ಓರೆಯಾಗಿ ಕೂತಿರೋ ಬುಷ್‌ಗೆ ಬೇರೆ ಪುಲ್ಲರ್ ಬೇಕು, ಅದನ್ನ ಪುಲ್ಲರ್ ಇರೋ ಗ್ಯಾರೇಜ್‌ಗೇ ಬಿಡಿ. ಅಲ್ಲೂ ಬೋಲ್ಟ್ ಬಿಗಿ ಗಾಡಿ ನೆಲದ ಮೇಲೇ.

ಹಾಕಿದ್ಮೇಲೆ

ಮೊದಲು ಖಾಲಿ ರಸ್ತೇಲಿ ನಿಧಾನ ಓಡ್ಸಿ, 20-30 ಸ್ಪೀಡಲ್ಲಿ ನಾಲ್ಕೈದು ಸಲ ಬ್ರೇಕ್ ಹಾಕಿ ಶಬ್ದ ಕೇಳಿ. ಆಮೇಲೆ ಅದೇ ದಿನ ಇಲ್ಲಾ ಮಾರನೇ ದಿನ ವೀಲ್ ಅಲೈನ್‌ಮೆಂಟ್, ಬರೀ ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರೋದು) ನೋಡಿ ಕಳ್ಸೋ ಕಡೆ ಬೇಡ, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರೋದು) ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದೆ ಮುಂದೆ ವಾಲಿರೋದು) ಕೂಡ ತೋರ್ಸೋ ಕಂಪ್ಯೂಟರ್ ಮೆಷಿನ್ ಇರೋ ಕಡೆ ಹೋಗಿ ಪ್ರಿಂಟ್ ತಗೊಳ್ಳಿ. ಒಂದು ನೂರು ಕಿಲೋಮೀಟರ್ ಓಡಿದ್ಮೇಲೆ ವೀಲ್ ನಟ್ಟು ಬುಷ್ ಬೋಲ್ಟು ಎರಡಕ್ಕೂ ಟಾರ್ಕ್ ರೆಂಚ್ ಇಟ್ಟು ನೋಡಿ. ಬುಷ್ ಬೋಲ್ಟ್ ಸಡಿಲ ಆಗಿದ್ರೆ ಹಾಗೇ ತಿರುಗಿಸ್ಬಿಡ್ಬೇಡಿ, ಅಲ್ಲೂ ಗಾಡಿ ನೆಲದ ಮೇಲಿರ್ಬೇಕು.

ಪ್ರಿಂಟಲ್ಲಿ ಎಡ ಬಲ ಕ್ಯಾಸ್ಟರ್ ಅಕ್ಕಪಕ್ಕ ಇಟ್ಟು ಓದಿ. ಟೋ ಸರಿ ಮಾಡಿದ್ರೂ ಗಾಡಿ ಒಂದ್ಕಡೆ ಎಳೀತಿದ್ದು, ಎರಡು ಬದಿಯ ಕ್ಯಾಸ್ಟರ್ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ತೋರಿಸ್ತಿದ್ರೆ, ಮೊದಲು ಟೈರ್ ಪ್ರೆಶರ್ ನೋಡಿ, ಮುಂದಿನ ಎರಡು ಟೈರ್ ಅದಲು ಬದಲು ಮಾಡಿ ನೋಡಿ, ಆಗ್ಲೂ ಹಾಗೇ ಇದ್ರೆ ಹಿಂದಿನ ದಪ್ಪ ಬುಷ್ ಒಂದ್ಕಡೆ ಪೂರ್ತಿ ಒಳಗೆ ಕೂತಿಲ್ಲ, ಇಲ್ಲಾ ದಿಕ್ಕು ಬೇರೆ ಆಗಿದೆ, ಇಲ್ಲಾ ಆರ್ಮ್ ಮೊದಲೇ ಬಾಗಿತ್ತು, ಇಲ್ಲಾ ಕೆಲ್ಸದ ಮಧ್ಯೆ ಸಬ್‌ಫ್ರೇಮ್ ಬೋಲ್ಟ್ ಸಡಿಲ ಮಾಡಿದ್ರೆ ಅದು ಒಂಚೂರು ಜರುಗಿದೆ. ತೆಗೆದಿಟ್ಟ ಫೋಟೋ ಮತ್ತೆ ವರ್ನಿಯರ್ ಅಳತೆ ಆಗ ಕೆಲ್ಸಕ್ಕೆ ಬರತ್ತೆ, ಯಾವ ಕಡೆ ತಪ್ಪಿದೆ ಅಂತ ಆರ್ಮ್ ಬಿಚ್ಚದೇನೇ ಕೆಳಗೆ ಟಾರ್ಚ್ ಹಾಕಿ ಹೇಳಿಬಿಡಬಹುದು.